ವಸಂತ ಋತುವಿನಲ್ಲಿ ಮನೆಯಲ್ಲಿಯೇ ಮಕ್ಕಳ ಪ್ರಕೃತಿ ದಿನಚರಿ: ಪೋಷಕರಿಗೆ ಮಾಹಿತಿ

ಚೈತ್ರ ಮತ್ತು ವೈಶಾಖ ಮಾಸಗಳನ್ನೊಳಗೊಂಡ ವಸಂತ ಋತುವು ಯುಗಾದಿಯಿಂದ ಆರಂಭವಾಗಿ ಸ್ಥೂಲವಾಗಿ ಮೇ ತಿಂಗಳ ಮಧ್ಯಭಾಗದವರೆಗೆ ಇರುತ್ತದೆ. ರಾಜ್ಯದ ಶಾಲೆಗಳ ಬೇಸಿಗೆ ರಜೆಯ ಹೆಚ್ಚಿನ ಭಾಗವೂ ಇದೇ ಅವಧಿಯಲ್ಲಿ ಬರುವುದರಿಂದ ಮಕ್ಕಳು ದಿನದ ಬಹುಪಾಲು ಮನೆಯಲ್ಲಿಯೇ ಇರುತ್ತಾರೆ. ಮನೆಯಂಗಳ, ತಾರಸಿ, ಹಿತ್ತಲು ಅಥವಾ ಕಿಟಕಿಯಿಂದ ಕಾಣುವ ಬೀದಿಯ ಮರ, ಇವುಗಳನ್ನು ಮಕ್ಕಳು ದಿನವೂ ಗಮನಿಸಿ ಬರೆದಿಡುವ ಪುಸ್ತಕವನ್ನು ಪ್ರಕೃತಿ ದಿನಚರಿ ಎನ್ನಲಾಗುತ್ತದೆ. ಇದನ್ನು ಮನೆಯಲ್ಲಿಯೇ ನಿರ್ವಹಿಸುವ ವಿಧಾನವನ್ನು ಪೋಷಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಈ ಚಟುವಟಿಕೆಗೆ ಯಾವುದೇ ಅರ್ಜಿ, ನೋಂದಣಿ ಅಥವಾ ಶುಲ್ಕದ ಅವಶ್ಯಕತೆ ಇರುವುದಿಲ್ಲ. ಇದಕ್ಕಾಗಿ ಪ್ರಮಾಣಪತ್ರ ನೀಡುವ ಪದ್ಧತಿಯೂ ಇಲ್ಲ. ಬಹುಮಾನಕ್ಕಾಗಿ ಅಥವಾ ಶಾಲೆಯಲ್ಲಿ ಪ್ರದರ್ಶಿಸುವುದಕ್ಕಾಗಿ ಸಿದ್ಧಪಡಿಸಿದ ದಿನಚರಿಗಳಲ್ಲಿ ಪೋಷಕರ ಕೈಬರಹವೇ ಹೆಚ್ಚಾಗಿ ಕಂಡುಬರುವುದು ಎಲ್ಲರಿಗೂ ತಿಳಿದ ಸಂಗತಿ. ಅಂತಹ ಪುಸ್ತಕವು ಅಂದವಾಗಿರಬಹುದು, ಆದರೆ ಅದರಿಂದ ಮಗುವಿಗೆ ಆಗುವ ಪ್ರಯೋಜನ ಅತ್ಯಲ್ಪ.

ಯಾರು ಕೈಗೊಳ್ಳಬಹುದು, ಏನೇನು ಬೇಕು

ಆರು ವರ್ಷ ಮೇಲ್ಪಟ್ಟ ಯಾವುದೇ ಮಗು ಇದನ್ನು ಕೈಗೊಳ್ಳಬಹುದು. ಬರೆಯಲು ಬಾರದ ಚಿಕ್ಕ ಮಕ್ಕಳು ಚಿತ್ರ ಬಿಡಿಸಿ, ಮಾತಿನಲ್ಲಿ ಹೇಳಿದ್ದನ್ನು ಹಿರಿಯರು ಬರೆದುಕೊಡಬಹುದು. ಹಾಗೆ ಬರೆಯುವಾಗ ಮಗು ಆಡಿದ ಮಾತನ್ನೇ ಬರೆಯತಕ್ಕದ್ದು. "ಹುಳ ಎಲೆಯನ್ನು ಬಿಸ್ಕತ್ತಿನ ಹಾಗೆ ತಿಂದಿತು" ಎಂದು ಮಗು ಹೇಳಿದಲ್ಲಿ ಅದನ್ನು "ಕೀಟವು ಪರ್ಣವನ್ನು ಭಕ್ಷಿಸಿತು" ಎಂದು ತಿದ್ದುವ ಅಗತ್ಯವಿಲ್ಲ.

ಗೆರೆಯಿಲ್ಲದ ಹಾಳೆಯ ಒಂದು ನೂರು ಪುಟದ ಪುಸ್ತಕ, ಪೆನ್ಸಿಲ್, ಒಂದು ಅಳತೆಪಟ್ಟಿ ಮತ್ತು ನಾಲ್ಕಾರು ಬಣ್ಣದ ಪೆನ್ಸಿಲ್‌ಗಳು ಸಾಕು. ಭೂತಗನ್ನಡಿ ಇದ್ದಲ್ಲಿ ಒಳ್ಳೆಯದು, ಇಲ್ಲದಿದ್ದರೂ ಅಡ್ಡಿಯಿಲ್ಲ. ಹಳೆಯ ನೋಟ್‌ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕವೂ ಇದಕ್ಕೆ ಸಮರ್ಪಕವಾಗಿದೆ.

ನಮೂದಿಸುವ ವಿಧಾನ

ಪ್ರಕೃತಿ ದಿನಚರಿಯನ್ನು ಅಂಗಡಿಯ ಕಿರ್ದಿ ಪುಸ್ತಕಕ್ಕೆ ಹೋಲಿಸಬಹುದು. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರವನ್ನು ಆಯಾ ದಿನವೇ ಬರೆಯಲಾಗುತ್ತದೆ. ವಾರದ ಕೊನೆಯಲ್ಲಿ ನೆನಪಿನಿಂದ ಬರೆದ ಕಿರ್ದಿಯನ್ನು ಯಾವ ಲೆಕ್ಕಪರಿಶೋಧಕರೂ ಒಪ್ಪುವುದಿಲ್ಲ. ತಪ್ಪಾದಲ್ಲಿ ಅಳಿಸುವಂತಿಲ್ಲ, ಒಂದು ಗೆರೆ ಎಳೆದು, ಕೆಳಗೆ ಸರಿಯಾದುದನ್ನು ಬರೆಯಬೇಕು. ಮಕ್ಕಳ ದಿನಚರಿಗೂ ಇದೇ ನಿಯಮ ಅನ್ವಯಿಸುತ್ತದೆ. ರಬ್ಬರನ್ನು ಪುಸ್ತಕದಿಂದ ದೂರವಿಡುವುದು ಲೇಸು. ಸೋಮವಾರ "ಕಾಗೆ" ಎಂದು ಬರೆದು, ಗುರುವಾರ ಅದರ ಕೆಂಪು ಕಣ್ಣನ್ನು ಕಂಡು "ಕಾಗೆಯಲ್ಲ, ಕೋಗಿಲೆ" ಎಂದು ಬರೆದ ಪುಟದಲ್ಲಿ ಎರಡೂ ಉಳಿಯಬೇಕು. ಮಗು ಕಲಿತದ್ದು ಆ ಎರಡು ಸಾಲುಗಳ ನಡುವಿನ ಮೂರು ದಿನಗಳಲ್ಲಿ.

ಪ್ರತಿ ನಮೂದಿನಲ್ಲಿ ದಿನಾಂಕ, ಸಮಯ, ಸ್ಥಳ ಮತ್ತು ಹವೆ (ಬಿಸಿಲು, ಮೋಡ, ಗಾಳಿ) ಇರತಕ್ಕದ್ದು. ಅನಂತರ ಕಂಡದ್ದು, ಕೇಳಿದ್ದು, ಎಣಿಸಿದ್ದು, ಅಳೆದದ್ದು. ಕೊನೆಗೆ ಒಂದು ಪ್ರಶ್ನೆ. ಏನೂ ಕಾಣದ ದಿನ "ಏನೂ ಕಾಣಲಿಲ್ಲ" ಎಂದೇ ಬರೆಯಬೇಕು. ಆ ಸಾಲು ಖಾಲಿ ಪುಟಕ್ಕಿಂತ ಬಹಳ ಬೆಲೆಯುಳ್ಳದ್ದು. ಬೇವಿನ ಮರದಲ್ಲಿ ಮೊದಲ ಹೂವು ಏಪ್ರಿಲ್ 2ರಂದು ಕಂಡಿತು ಎಂಬ ಮಾತಿಗೆ ಬಲ ಬರುವುದು ಮಾರ್ಚ್ 31ರಂದು ಮತ್ತು ಏಪ್ರಿಲ್ 1ರಂದು "ಹೂವಿಲ್ಲ" ಎಂದು ಬರೆದಿದ್ದಾಗ ಮಾತ್ರ.

ಇಂತಹ ಸರಳ ದಾಖಲೆಗಳು ಮುಂದೆ ವಿಜ್ಞಾನಕ್ಕೂ ಒದಗಿವೆ. ಇಂಗ್ಲೆಂಡಿನ ನಾರ್ಫೋಕ್ ಪ್ರದೇಶದ ಜಮೀನುದಾರ ರಾಬರ್ಟ್ ಮಾರ್ಷಮ್ ಎಂಬುವರು 1736ರಿಂದ ತಮ್ಮ ಜಮೀನಿನಲ್ಲಿ ಮರಗಳು ಚಿಗುರಿದ, ಹಕ್ಕಿಗಳು ಮೊದಲು ಕೂಗಿದ ದಿನಗಳನ್ನು ಬರೆದಿಡತೊಡಗಿದರು. ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವವರು ಇಂದಿಗೂ ಆ ಪಟ್ಟಿಯನ್ನು ಬಳಸುತ್ತಾರೆ. ಅವರು ಬರೆದದ್ದು ದಿನಾಂಕ ಮತ್ತು ಕಂಡ ಸಂಗತಿ, ಇಷ್ಟೇ.

ಒಂದು ಮರದ ಆಯ್ಕೆ

ದಿನಚರಿಯ ಮುಖ್ಯ ಭಾಗವಾಗಿ ಮಗು ಒಂದು ಮರವನ್ನು ಆರಿಸಿಕೊಳ್ಳಬೇಕು. ಹಲವು ಮರಗಳನ್ನು ಒಮ್ಮೊಮ್ಮೆ ನೋಡುವುದಕ್ಕಿಂತ ಒಂದೇ ಮರವನ್ನು ಹಲವು ಬಾರಿ ನೋಡುವುದು ಹೆಚ್ಚು ಫಲಪ್ರದ. ಮರವು ಮನೆಯವರದೇ ಆಗಿರಬೇಕೆಂದಿಲ್ಲ. ಬಹುಮಹಡಿ ವಸತಿ ಸಂಕೀರ್ಣದಲ್ಲಿರುವವರು ಕಿಟಕಿಯಿಂದ ಕಾಣುವ ರಸ್ತೆಬದಿಯ ಮರವನ್ನು ಆರಿಸಿಕೊಳ್ಳಬಹುದು. ಮೂರನೆಯ ಅಂತಸ್ತಿನಿಂದ ಮರದ ನೆತ್ತಿಯೇ ಕಣ್ಣಿನ ಮಟ್ಟಕ್ಕೆ ಬರುವುದು ಅವರಿಗಿರುವ ಒಂದು ಅನುಕೂಲವೆನ್ನಬೇಕು.

ಹೊಂಗೆ, ಬೇವು, ಅರಳಿ ಮತ್ತು ಮಾವು ರಾಜ್ಯದ ಬಹುತೇಕ ಕಡೆ ಸಿಗುತ್ತವೆ. ಬಯಲುಸೀಮೆಯ ಕುರುಚಲು ಪ್ರದೇಶಗಳ ಅಂಚಿನಲ್ಲಿರುವ ಮಕ್ಕಳಿಗೆ ಮುತ್ತುಗವೂ ದೊರೆಯುತ್ತದೆ. ಅದು ಎಲೆಯುದುರಿದ ಕೊಂಬೆಗಳಲ್ಲಿ ಕೇಸರಿ ಬಣ್ಣದ ಹೂ ಬಿಡುವುದರಿಂದ ದೂರದಿಂದಲೇ ಗುರುತಿಸಬಹುದು. ಹೊಂಗೆಯು ಹಳೆಯ ಎಲೆಗಳನ್ನು ಉದುರಿಸಿ ಕೆಲವೇ ದಿನಗಳಲ್ಲಿ ಹೊಳೆಯುವ ತಿಳಿಹಸಿರು ಚಿಗುರಿನಿಂದ ತುಂಬಿಕೊಳ್ಳುತ್ತದೆ. ಅನಂತರ ಅದರ ತಿಳಿನೇರಳೆ ಮಿಶ್ರಿತ ಬಿಳಿ ಹೂಗಳು ಬೆಳಗಿನ ಹೊತ್ತಿಗೆ ನೆಲವನ್ನು ಮುಚ್ಚಿರುತ್ತವೆ. ಹೊಂಗೆಯ ಎಲೆಗಳ ಮೇಲೆ ಕಾಣುವ ಚಿಕ್ಕ ಗಂಟುಗಳು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ ಉಂಟಾಗುವಂಥವು. ಅವುಗಳನ್ನು ಎಣಿಸುವುದೂ ಒಂದು ಚಟುವಟಿಕೆಯೇ: ಹತ್ತು ಎಲೆ ನೋಡಿದರೆ ಎಷ್ಟರಲ್ಲಿ ಗಂಟಿದೆ?

ವಾರಕ್ಕೊಮ್ಮೆ, ನಿಗದಿತ ದಿನದಂದು, ಚಿಗುರು, ಬಲಿತ ಎಲೆ, ಮೊಗ್ಗು, ಹೂವು, ಕಾಯಿ ಎಂಬ ಐದು ಅಂಶಗಳ ಎದುರು "ಇಲ್ಲ", "ಸ್ವಲ್ಪ", "ಹೆಚ್ಚು" ಎಂದು ಬರೆಯುವುದು ಸುಲಭ ಪದ್ಧತಿ. ಸೀಸನ್‌ವಾಚ್ ಎಂಬ ಅಖಿಲ ಭಾರತ ಮಟ್ಟದ ಪೌರವಿಜ್ಞಾನ ಕಾರ್ಯಕ್ರಮದಲ್ಲಿಯೂ ಶಾಲಾ ಮಕ್ಕಳು ಮತ್ತು ಸಾರ್ವಜನಿಕರು ಮರಗಳನ್ನು ಹೆಚ್ಚುಕಡಿಮೆ ಹೀಗೆಯೇ ದಾಖಲಿಸುತ್ತಾರೆ. ಅದರಲ್ಲಿ ಭಾಗವಹಿಸುವುದು ಕುಟುಂಬದ ಇಚ್ಛೆಗೆ ಬಿಟ್ಟದ್ದು.

ಇಲ್ಲಿ ಪೋಷಕರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ಮಗು ಅರಳಿ ಮರದ ಎಲೆಗೆ ತಾಮ್ರದ ಬಣ್ಣ ಬಳಿದಾಗ, "ಎಲೆ ಎಂದರೆ ಹಸಿರಲ್ಲವೇ?" ಎಂದು ಹಿರಿಯರು ಬಣ್ಣದ ಪೆನ್ಸಿಲ್ ಬದಲಾಯಿಸಿಕೊಡುವುದುಂಟು. ಮಗುವೇ ಸರಿ. ಅರಳಿ ಮತ್ತು ಮಾವಿನ ಎಳೆಯ ಎಲೆಗಳು ಮೊದಲು ಕೆಂಪು ಅಥವಾ ತಾಮ್ರದ ಬಣ್ಣದಲ್ಲಿದ್ದು, ಕೆಲವು ದಿನಗಳ ನಂತರ ಹಸಿರಾಗುತ್ತವೆ. ಎಲೆಯಲ್ಲಿ ಹಸಿರು ವರ್ಣದ್ರವ್ಯ ತುಂಬುವ ಮುನ್ನ ಕೆಂಪು ವರ್ಣದ್ರವ್ಯ ಎದ್ದು ಕಾಣುವುದೇ ಇದಕ್ಕೆ ಕಾರಣ. ಪೆನ್ಸಿಲ್ ಬದಲಾಯಿಸಿದ ಮನೆಯಲ್ಲಿ ಮಗು ಕಲಿಯುವ ಪಾಠವೆಂದರೆ, ಕಣ್ಣಿಗೆ ಕಂಡದ್ದನ್ನು ಬರೆಯುವುದಲ್ಲ, ದೊಡ್ಡವರು ಒಪ್ಪುವುದನ್ನು ಬರೆಯುವುದು. ಅದನ್ನು ಮರೆಸಲು ಮುಂದೆ ಬಹಳ ಕಾಲ ಬೇಕಾಗುತ್ತದೆ. ಸಂಶಯವಿದ್ದಲ್ಲಿ ಪೋಷಕರು ಮಗುವಿನೊಡನೆ ಮರದ ಬಳಿಗೆ ಹೋಗಿ ನೋಡತಕ್ಕದ್ದು. ಚಿಗುರಿನ ಒಂದು ಎಲೆಗೆ ಸಡಿಲವಾಗಿ ದಾರ ಕಟ್ಟಿ, ದಿನವೂ ಅದರ ಬಣ್ಣವನ್ನು ಒಂದು ಚೌಕದಲ್ಲಿ ತುಂಬುತ್ತ ಹೋದರೆ ತಾಮ್ರದಿಂದ ಹಸಿರಿಗೆ ಬರುವ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಬೇವಿನ ಮರವನ್ನು ಆರಿಸಿಕೊಂಡವರು ಯುಗಾದಿಯ ದಿನ ಆ ಮರದಲ್ಲಿ ಹೂವಿತ್ತೇ ಎಂದು ತಪ್ಪದೆ ಬರೆಯಬೇಕು. ಬೇವು ಬೆಲ್ಲಕ್ಕೆ ಹೂವು ಮಾರುಕಟ್ಟೆಯಿಂದ ಬಂದಿದ್ದರೆ ಅದನ್ನೂ ಬರೆಯಬಹುದು. ಯುಗಾದಿ ಚಾಂದ್ರಮಾನದ ಹಬ್ಬವಾದ ಕಾರಣ ದಿನಾಂಕ ಪ್ರತಿವರ್ಷ ಬದಲಾಗುತ್ತದೆ. 2024ರಲ್ಲಿ ಏಪ್ರಿಲ್ 9ರಂದು ಬಂದಿತ್ತು, 2025ರಲ್ಲಿ ಮಾರ್ಚ್ 30ರಂದು. ಹಬ್ಬ ಹತ್ತು ದಿನ ಹಿಂದಕ್ಕೆ ಸರಿದರೆ ಬೇವೂ ಹಿಂದಕ್ಕೆ ಸರಿಯುವುದೇ? ಎರಡು ವರ್ಷದ ದಿನಚರಿಯಿರುವ ಮನೆಯಲ್ಲಿ ಇದಕ್ಕೆ ಉತ್ತರ ಹುಡುಕಬಹುದು.

ಕೋಗಿಲೆಯ ಕೂಗು

"ಮಾವು ಚಿಗುರಿತು, ಕೋಗಿಲೆ ಹಾಡಿತು" ಎಂಬ ಅರ್ಥದ ವಾಕ್ಯ ವಸಂತದ ಬಗ್ಗೆ ಮಕ್ಕಳು ಬರೆಯುವ ಪ್ರತಿಯೊಂದು ಪ್ರಬಂಧದಲ್ಲಿಯೂ ಇರುತ್ತದೆ. ದಿನಚರಿಯಲ್ಲಿ ಇದನ್ನು ಬರೆಯುವ ಮುನ್ನ ಮಗು ಅದನ್ನು ಕೇಳಿರಬೇಕು. ಬೆಳಗಿನ ಜಾವ ಮೊದಲ ಕೂಗು ಕೇಳಿದ ಗಂಟೆ, ಒಂದು ಸರಣಿಯಲ್ಲಿ ಎಷ್ಟು ಕೂಗುಗಳಿದ್ದವು, ಸ್ವರ ಏರುತ್ತ ಹೋಯಿತೇ, ಬೇರೆ ದಿಕ್ಕಿನಿಂದ ಉತ್ತರ ಬಂದಿತೇ, ಇವೆಲ್ಲವನ್ನು ಹಾಸಿಗೆಯಲ್ಲಿದ್ದುಕೊಂಡೇ ದಾಖಲಿಸಬಹುದು.

ಕುಹೂ ಎಂದು ಕೂಗುವುದು ಗಂಡು. ಅದು ಹೊಳೆಯುವ ಕಪ್ಪು ಬಣ್ಣದ್ದು. ಹೆಣ್ಣು ಕಂದು ಬಣ್ಣದ್ದಾಗಿದ್ದು ಮೈಮೇಲೆ ಬಿಳಿ ಚುಕ್ಕೆ ಮತ್ತು ಪಟ್ಟೆಗಳಿರುತ್ತವೆ. ಅದರ ಕೂಗು "ಕಿಕ್ ಕಿಕ್ ಕಿಕ್" ಎಂಬಂತೆ ಚುರುಕಾಗಿ ಕೇಳಿಸುತ್ತದೆ. ಈ ಹೆಣ್ಣನ್ನು ಬೇರೆಯೇ ಹಕ್ಕಿಯೆಂದು ಬರೆದ ಮಗುವಿನದು ತಪ್ಪಲ್ಲ, ಅನೇಕ ಹಿರಿಯರೂ ಹಾಗೆಯೇ ತಿಳಿದಿರುತ್ತಾರೆ. ಕೋಗಿಲೆ ಮಾವಿನ ಚಿಗುರು ತಿಂದು ಕಂಠ ಹದಮಾಡಿಕೊಳ್ಳುತ್ತದೆಂಬುದು ಕವಿಗಳ ಮಾತು. ಬಲಿತ ಕೋಗಿಲೆಯ ಮುಖ್ಯ ಆಹಾರ ಹಣ್ಣು. ಮನೆಯ ಹತ್ತಿರ ಯಾವ ಮರದ ಹಣ್ಣಿಗೆ ಬರುತ್ತದೆಂದು ಮಗುವೇ ಕಂಡುಕೊಳ್ಳಲಿ. ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ, ಕಾಗೆಗಳು ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಕಂಡಲ್ಲಿ ಸಮಯ ಸಹಿತ ಬರೆದಿಡಬೇಕು. ಸಮೀಪದಲ್ಲಿಯೇ ಕಾಗೆಯ ಗೂಡಿರುವ ಸಂಭವವಿರುತ್ತದೆ.

ಕರಿಬೇವಿನ ಗಿಡದಲ್ಲಿ

ಅಂಗಳವಿಲ್ಲದ ಮನೆಗಳಿಗೆ ಅತ್ಯಂತ ಸೂಕ್ತವಾದುದು ಕುಂಡದಲ್ಲಿ ಬೆಳೆದ ಕರಿಬೇವು ಅಥವಾ ನಿಂಬೆ ಗಿಡ. ನಿಂಬೆಯ ಚಿಟ್ಟೆ ಮತ್ತು ಅದರ ಬಳಗದ ಇತರ ಚಿಟ್ಟೆಗಳು ಈ ಗಿಡಗಳ ಎಳೆಯ ಎಲೆಗಳ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ದುಂಡು ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತವೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳು ಹಕ್ಕಿಯ ಹಿಕ್ಕೆಯನ್ನು ಹೋಲುತ್ತದೆ. ಹಕ್ಕಿಗಳ ಕಣ್ಣು ತಪ್ಪಿಸಲು ಇದು ಅದಕ್ಕೆ ನೆರವಾಗುತ್ತದೆ. ಹಲವು ಬಾರಿ ಪೊರೆ ಕಳಚಿದ ಮೇಲೆ ಅದೇ ಹುಳು ಎಲೆಯ ಹಸಿರಿಗೆ ತಿರುಗುತ್ತದೆ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂಭಾಗದಿಂದ ಕವಲೊಡೆದ ಕೊಂಬಿನಂತಹ ಅಂಗವನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಒಮ್ಮೆ ನೋಡಿದರೆ ಸಾಕು, ಮತ್ತೆ ಮತ್ತೆ ಕೆಣಕಬಾರದು.

ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಹುಳುವಿನ ಉದ್ದವನ್ನು ದಿನವೂ ಅಳತೆಪಟ್ಟಿಯಿಂದ, ಮುಟ್ಟದೆ ಪಕ್ಕದಲ್ಲಿ ಹಿಡಿದು, ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕು. ಒಗ್ಗರಣೆಗೆ ಎಲೆ ಕೀಳುವವರಿಗೆ ಹುಳುವಿರುವ ರೆಂಬೆಯನ್ನು ಮಗು ಮೊದಲೇ ತೋರಿಸಿರುವುದು ಒಳ್ಳೆಯದು. ಕೆಲವೊಮ್ಮೆ ಹುಳು ಒಂದು ಬೆಳಿಗ್ಗೆ ಮಾಯವಾಗಿರುತ್ತದೆ. ಹಕ್ಕಿಯೋ ಕಣಜವೋ ಒಯ್ದಿರಬಹುದು. ಆ ದಿನದ ನಮೂದು ಬರೆಯಲು ಮಗುವಿಗೆ ಕಷ್ಟವಾಗುತ್ತದೆ. ಅದನ್ನು ಬರೆಸುವುದಕ್ಕೆ ಅವಸರ ಮಾಡಬಾರದು. ಹೊಸ ಹುಳುವನ್ನು ತಂದಿಟ್ಟು ಹಳೆಯದೇ ಎಂದು ನಂಬಿಸುವುದಂತೂ ಸಲ್ಲದು.

ಮಳೆಯ ಅಳತೆ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮುಂಗಾರು ಪೂರ್ವದ ಗುಡುಗು ಮಳೆ ಬರುತ್ತದೆ. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಸ್ಟೀಲ್ ಡಬ್ಬಿಯನ್ನು ಮರ, ಗೋಡೆಗಳ ಆಸರೆಯಿಲ್ಲದ ಬಯಲಿನಲ್ಲಿಟ್ಟು, ಮರುದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಅಳೆಯಬೇಕು. ಭಾರತ ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಇದೇ ಹೊತ್ತಿಗೆ ಲೆಕ್ಕ ಹಾಕುತ್ತದೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್ ಆಗುತ್ತದೆಂದು ಮಗು ತಾನೇ ಗುಣಿಸಿದಾಗ, ಮಳೆನೀರು ಕೊಯ್ಲಿನ ವಿಷಯವನ್ನು ಮನೆಯವರಿಗೆ ಬೇರೆಯಾಗಿ ವಿವರಿಸುವ ಅಗತ್ಯ ಬೀಳುವುದಿಲ್ಲ.

ಮನೆಯಲ್ಲಿ ಅಜ್ಜ ಅಜ್ಜಿಯರಿದ್ದಲ್ಲಿ ಅಂದಿನ ಮಳೆ ನಕ್ಷತ್ರವನ್ನು ಕೇಳಿ ಪಕ್ಕದಲ್ಲಿ ಬರೆಯಬೇಕು. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಆ ತಿಂಗಳ ಕೊನೆಯಿಂದ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ, ಹೀಗೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನಗಳು. ರೈತ ಕುಟುಂಬಗಳು ಬಿತ್ತನೆಯನ್ನು ಇವುಗಳ ಲೆಕ್ಕದಲ್ಲಿಯೇ ಹೇಳುತ್ತವೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ಸೀಮೆಯ ಮಕ್ಕಳು ಹೂಮಳೆ ಬಿದ್ದ ದಿನವನ್ನು ಬರೆದು, ತೋಟ ಬೆಳ್ಳಗಾಗುವವರೆಗೆ ದಿನ ಎಣಿಸಬಹುದು. ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನಗಳೊಳಗೆ ಹೂವು ಅರಳುತ್ತದೆ.

ನೆರಳಿಲ್ಲದ ಮಧ್ಯಾಹ್ನ

ಕರ್ನಾಟಕವು ಸಂಪೂರ್ಣವಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ವರ್ಷದಲ್ಲಿ ಎರಡು ಬಾರಿ ಸೂರ್ಯನು ನೇರ ನೆತ್ತಿಯ ಮೇಲೆ ಬರುತ್ತಾನೆ. ಮೊದಲನೆಯದು ರಜೆಯಲ್ಲಿಯೇ ಬರುತ್ತದೆ: ಬೆಂಗಳೂರು ಮತ್ತು ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರದ ಆರಂಭದಲ್ಲಿ, ಬೀದರಿನಲ್ಲಿ ಮೇ 12ರ ಸುಮಾರಿಗೆ. ಒಂದು ಲೋಟವನ್ನು ಸಮತಟ್ಟಾದ ನೆಲದ ಮೇಲೆ ಬೋರಲು ಹಾಕಿದರೆ ಅದರ ನೆರಳು ಪೂರ್ಣವಾಗಿ ಅಡಿಗೆ ಸೇರುತ್ತದೆ. ಇದು ಗಡಿಯಾರದ 12 ಗಂಟೆಗೆ ನಡೆಯುವುದಿಲ್ಲ. ಭಾರತೀಯ ಕಾಲಮಾನವನ್ನು ಇನ್ನೂ ಪೂರ್ವದ ರೇಖಾಂಶಕ್ಕೆ ಹೊಂದಿಸಿರುವ ಕಾರಣ ಬೆಂಗಳೂರಿನಲ್ಲಿ ಸುಮಾರು 12.18ಕ್ಕೆ, ಮಂಗಳೂರಿನಲ್ಲಿ ಅದಕ್ಕಿಂತ ಹತ್ತು ಹನ್ನೊಂದು ನಿಮಿಷ ತಡವಾಗಿ ನಡೆಯುತ್ತದೆ. ಹತ್ತು ನಿಮಿಷದ ಕೆಲಸವಾದರೂ ಮಗು ಟೊಪ್ಪಿಗೆ ಧರಿಸಿರಬೇಕು, ಸೂರ್ಯನನ್ನು ನೇರವಾಗಿ ನೋಡಬಾರದು.

ಗಮನಿಸಬೇಕಾದ ಅಂಶಗಳು

ಹೊರಗಿನ ವೀಕ್ಷಣೆಯನ್ನು ಬೆಳಿಗ್ಗೆ 8ರೊಳಗೆ ಅಥವಾ ಸಂಜೆ 5ರ ನಂತರ ಕೈಗೊಳ್ಳುವುದು ಉಚಿತ. ಕೂದಲುಳ್ಳ ಕಂಬಳಿಹುಳುಗಳನ್ನು ಮುಟ್ಟಬಾರದು. ಕಣಗಿಲೆ, ದತ್ತೂರಿಗಳು ವಿಷಯುಕ್ತವಾದುದರಿಂದ ಅವುಗಳ ಎಲೆ, ಹೂ, ಕಾಯಿಗಳನ್ನು ಚಿತ್ರದಲ್ಲಿ ಮಾತ್ರ ತರಬೇಕು. ಕಲ್ಲು, ಸೌದೆ ರಾಶಿಗಳ ಸಂದಿಗೆ ಕೈಹಾಕಬಾರದು.

ಕಾಡು ಹಕ್ಕಿಗಳ ಗೂಡು ಅಥವಾ ಮೊಟ್ಟೆಗೆ ಹಾನಿ ಮಾಡುವುದು, ಗಿಳಿಮರಿಗಳನ್ನು ಕೊಳ್ಳುವುದು ಅಥವಾ ಸಾಕುವುದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಮೇರೆಗೆ ಅಪರಾಧವಾಗುತ್ತದೆ. ರೆಕ್ಕೆ ಬಲಿಯುತ್ತಿರುವ ಮರಿ ನೆಲದಲ್ಲಿ ಕಂಡಲ್ಲಿ ಅದು ಹಾರಲು ಕಲಿಯುತ್ತಿರುವ ಸಾಧ್ಯತೆಯೇ ಹೆಚ್ಚು. ತಾಯಿಹಕ್ಕಿ ಸಮೀಪದಲ್ಲಿರುತ್ತದೆ. ನಾಯಿ ಬೆಕ್ಕುಗಳನ್ನು ದೂರವಿಟ್ಟು, ದೂರದಿಂದ ಗಮನಿಸುವುದಷ್ಟೇ ಮಗುವಿನ ಕೆಲಸ. ಗಾಯಗೊಂಡಿದ್ದಲ್ಲಿ ಸಮೀಪದ ವಲಯ ಅರಣ್ಯ ಕಛೇರಿಗೆ ತಿಳಿಸತಕ್ಕದ್ದು.

ಮನೆಯಂಗಳದ ಮರವನ್ನು ಕಡಿಸಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ, ವಿನಾಯಿತಿ ಇರುವ ಸಂದರ್ಭಗಳನ್ನು ಹೊರತುಪಡಿಸಿ, ವೃಕ್ಷಾಧಿಕಾರಿಯ ಪೂರ್ವಾನುಮತಿ ಅವಶ್ಯಕ. ಇಂತಹ ಅರ್ಜಿ ಸಲ್ಲಿಸಲು ಉದ್ದೇಶಿಸಿರುವವರು ಮೊದಲು ಮಗುವಿನ ದಿನಚರಿಯನ್ನು ನೋಡುವುದು ಅಪೇಕ್ಷಣೀಯ. ಆ ಮರದಲ್ಲಿ ಗೂಡಿದೆಯೆಂದು ಅದರಲ್ಲಿ ಬರೆದಿದ್ದಲ್ಲಿ, ಮರಿಗಳು ಹಾರಿಹೋಗುವವರೆಗೆ ಕೊಂಬೆ ಸವರುವ ಕೆಲಸವನ್ನಾದರೂ ಮುಂದೂಡಬಹುದು. ಅರ್ಜಿಯಲ್ಲಿ ಗೂಡಿಗೆ ಸಂಬಂಧಿಸಿದ ಕಲಂ ಇರುವುದಿಲ್ಲ, ಆ ಮಾಹಿತಿ ಮನೆಯಲ್ಲಿ ಒಬ್ಬರ ಬಳಿ ಮಾತ್ರ ಇರುತ್ತದೆ.

ಪುಸ್ತಕವನ್ನು ಕಾಯ್ದಿರಿಸುವುದು

ರಜೆ ಮುಗಿದ ಮೇಲೆ ದಿನಚರಿಯನ್ನು ಹಳೆಯ ಪಠ್ಯಪುಸ್ತಕಗಳೊಡನೆ ರದ್ದಿಗೆ ಹಾಕದಂತೆ ಎಚ್ಚರ ವಹಿಸಬೇಕು. ಎಲೆ, ಹೂಗಳನ್ನು ಅಂಟಿಸಿದ ಪುಟಗಳು ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದರಿಂದ, ಅವುಗಳನ್ನು ಮೊದಲು ಪತ್ರಿಕೆಯ ಹಾಳೆಗಳ ನಡುವೆ ಭಾರ ಹೇರಿ ಒಂದೆರಡು ವಾರ ಪೂರ್ತಿಯಾಗಿ ಒಣಗಿಸಿರಬೇಕು. ಹುಳು ಬೀಳದಂತೆ ಪುಟಗಳ ನಡುವೆ ಒಣಗಿದ ಬೇವಿನ ಎಲೆಗಳನ್ನು ಇಡುವ ರೂಢಿಯಿದೆ. ಮಗು ಆರಿಸಿಕೊಂಡ ಮರವೇ ಬೇವಾಗಿದ್ದಲ್ಲಿ ಎಲೆಯನ್ನು ಅದರ ಬುಡದಿಂದಲೇ ಆಯ್ದುಕೊಳ್ಳಬಹುದು. ರಕ್ಷಾಪುಟದ ಮೇಲೆ ಮಗುವಿನ ಹೆಸರು, ಊರು ಹಾಗೂ ಇಸವಿಯನ್ನು ಬರೆದು, ಮುಂದಿನ ಯುಗಾದಿಗೆ ಕೈಗೆ ಸಿಗುವ ಜಾಗದಲ್ಲಿಡತಕ್ಕದ್ದು.